ಇಟ್ಟಲ್ಲೇ ಮೊಂಡಾಗುವ ಚಾಕು

ನಿಮ್ಮ ಮನೆಯ ಚಾಕು ಈಗ ಎಲ್ಲಿದೆ? ಮುಟ್ಟಬೇಡಿ, ದೂರದಿಂದಲೇ ನೋಡಿ ಬನ್ನಿ. ಬಹುಮಟ್ಟಿಗೆ ಅದು ಮೂರು ಜಾಗಗಳಲ್ಲಿ ಒಂದರಲ್ಲಿ ಇರುತ್ತದೆ. ಸೌಟು, ಚಮಚ, ಲಟ್ಟಣಿಗೆಗಳ ಜೊತೆ ಒಂದೇ ಡಬ್ಬಿಯಲ್ಲಿ ತಲೆಕೆಳಗಾಗಿ ನಿಂತಿರುತ್ತದೆ. ಇಲ್ಲವೇ ತೊಳೆಯಲು ಹಾಕಿದ ಪಾತ್ರೆಗಳ ನಡುವೆ ನೀರಿನಲ್ಲಿ ಮುಳುಗಿರುತ್ತದೆ. ಅದೂ ಇಲ್ಲವೆಂದರೆ ಒಲೆಕಟ್ಟೆಯ ಮೇಲೆ, ಅರ್ಧ ಹೆಚ್ಚಿದ ಉಳ್ಳಾಗಡ್ಡಿಯ ಪಕ್ಕದಲ್ಲಿ ಒದ್ದೆಯಾಗಿಯೇ ಬಿದ್ದಿರುತ್ತದೆ.

"ಹೋದ ವಾರವಷ್ಟೇ ಸಾಣೆ ಹಿಡಿಸಿದ್ದು, ಆಗಲೇ ಮೊಂಡಾಯಿತು" ಎಂದು ಅವ್ವ ಗೊಣಗುವುದನ್ನು ನೀವು ಕೇಳಿರಬಹುದು. ಆಗ ಸಾಣೆ ಹಿಡಿದವನನ್ನು ಬೈಯುವುದು ವಾಡಿಕೆ. ಅಗ್ಗದ ಚಾಕು ಕೊಟ್ಟನೆಂದು ಅಂಗಡಿಯವನನ್ನು ಬೈಯುವವರೂ ಇದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮನೆಯ ಚಾಕು ಕೆಲಸ ಮಾಡುವುದು ಅರ್ಧ ಗಂಟೆಯೋ ಒಂದು ಗಂಟೆಯೋ ಅಷ್ಟೆ. ಉಳಿದ ಹೊತ್ತೆಲ್ಲಾ ಅದು ಸುಮ್ಮನೆ ಇರುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲೇ ಚಾಕುವಿನ ಹರಿತ ಎಷ್ಟೋ ಕಳೆದುಹೋಗುತ್ತದೆ. ಹೇಗೆ ಎಂದು ತಿಳಿಯಬೇಕಾದರೆ ಮೊದಲು ಅಲಗಿನ ತುದಿಯನ್ನು ಹತ್ತಿರದಿಂದ ನೋಡಬೇಕು.

ಅಲಗಿನ ತುದಿ ಎಷ್ಟು ದಪ್ಪ?

ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಒಂದು ಮೈಕ್ರೋಮೀಟರ್. ಚೆನ್ನಾಗಿ ಸಾಣೆ ಹಿಡಿದ ಚಾಕುವಿನ ತುದಿ ಒಂದು ಮೈಕ್ರೋಮೀಟರ್‌ನ ಆಸುಪಾಸಿನಲ್ಲಿ ಇರುತ್ತದೆ. ಅಂದರೆ ಎಪ್ಪತ್ತು ಅಲಗುಗಳ ತುದಿಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಕೂದಲಿನ ದಪ್ಪ! ಮೊಂಡಾದ ಚಾಕುವಿನ ತುದಿ ಇಪ್ಪತ್ತು ಮೈಕ್ರೋಮೀಟರೋ ಅದಕ್ಕಿಂತ ಹೆಚ್ಚೋ ಆಗಿರಬಹುದು. ಅದೂ ಕೂದಲಿಗಿಂತ ತೆಳುವೇ. ಆದ್ದರಿಂದ ಬರಿಗಣ್ಣಿಗೆ ಎರಡೂ ಚಾಕುಗಳು ಒಂದೇ ತರಹ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಟೊಮೆಟೊ ಹಣ್ಣಿನ ಮೇಲೆ ಇಟ್ಟಾಗ.

ಈಗ ಒಂದು ಸಣ್ಣ ಲೆಕ್ಕ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು ಎಂದು 8ನೇ ತರಗತಿಯವರು ಓದಿರುತ್ತೀರಿ. ಚಾಕುವಿನ ಒಂದು ಸೆಂ.ಮೀ. ಉದ್ದ ಮಾತ್ರ ತರಕಾರಿಗೆ ತಾಗುತ್ತಿದೆ ಎಂದುಕೊಳ್ಳೋಣ. ನಾವು ಒಂದು ಕಿಲೋ ತೂಕದಷ್ಟು ಬಲ ಹಾಕಿ ಒತ್ತುತ್ತಿದ್ದೇವೆ. ಹರಿತ ಚಾಕುವಿನಲ್ಲಿ ತಾಗುವ ವಿಸ್ತೀರ್ಣ 10 ಮಿ.ಮೀ. ಉದ್ದ, 0.001 ಮಿ.ಮೀ. ಅಗಲ. ಗುಣಿಸಿದರೆ 0.01 ಚದರ ಮಿ.ಮೀ. ಅಂದರೆ ಒಂದು ಚದರ ಮಿಲಿಮೀಟರಿಗೆ ನೂರು ಕಿಲೋ ತೂಕದ ಒತ್ತಡ ಬೀಳುತ್ತದೆ. ಮೊಂಡು ಚಾಕುವಿನಲ್ಲಿ ಅಗಲ 0.02 ಮಿ.ಮೀ., ವಿಸ್ತೀರ್ಣ 0.2 ಚದರ ಮಿ.ಮೀ., ಒತ್ತಡ ಬರೀ ಐದು ಕಿಲೋ. ಅದೇ ಒತ್ತಡ ಬೇಕೆಂದರೆ ಒಂದು ಕಿಲೋ ಬದಲು ಇಪ್ಪತ್ತು ಕಿಲೋ ಬಲ ಹಾಕಬೇಕು. ನಿಜವಾಗಿ ಹೆಚ್ಚುವಾಗ ಚಾಕುವನ್ನು ಹಿಂದೆ ಮುಂದೆ ಎಳೆಯುತ್ತೇವೆ, ಘರ್ಷಣೆಯೂ ಇರುತ್ತದೆ, ಹಾಗಾಗಿ ಲೆಕ್ಕ ಇಷ್ಟು ಸರಳವಲ್ಲ. ಆದರೆ ಕೈ ಸೋಲುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಇದೇ ಲೆಕ್ಕವನ್ನು ಈಗ ತಿರುವಿ ಹಾಕಿ. ಅಲಗು ಟೊಮೆಟೊವನ್ನು ಎಷ್ಟು ಒತ್ತುತ್ತದೋ ಟೊಮೆಟೊ ಕೂಡ ಅಲಗನ್ನು ಅಷ್ಟೇ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಹೇಳುವುದು ಇದನ್ನೇ. ಟೊಮೆಟೊ ಮೆತ್ತಗಿದೆ, ಒತ್ತಡ ಏರುವ ಮೊದಲೇ ಸೀಳಿಕೊಂಡು ದಾರಿ ಬಿಡುತ್ತದೆ. ಅದೇ ಅಲಗು ಡಬ್ಬಿಯೊಳಗೆ ಉಕ್ಕಿನ ಸೌಟಿಗೆ ತಾಗಿದರೆ? ಸೌಟು ದಾರಿ ಬಿಡುವುದಿಲ್ಲ. ತಾಗುವ ಜಾಗ ಸೂಜಿಮೊನೆಗಿಂತ ಚಿಕ್ಕದು, ಆದ್ದರಿಂದ ಚಾಕುವಿನ ಸ್ವಂತ ತೂಕವೇ ಸಾಕು, ಅಲ್ಲಿ ಒತ್ತಡ ವಿಪರೀತ ಏರುತ್ತದೆ. ಯಾರಾದರೂ ಬಗ್ಗಲೇಬೇಕು. ಒಂದು ಮೈಕ್ರೋಮೀಟರ್ ದಪ್ಪದ ಅಲಗೇ ಬಗ್ಗುತ್ತದೆ, ಇಲ್ಲವೇ ಮುಕ್ಕಾಗುತ್ತದೆ. ಸೌಟು ಬೇಕೆಂದು ಡಬ್ಬಿಗೆ ಕೈ ಹಾಕಿ ಕದಡಿದಾಗಲೆಲ್ಲ ಈ ಪೆಟ್ಟು ಬೀಳುತ್ತಲೇ ಇರುತ್ತದೆ. ದಿನಕ್ಕೆ ಹತ್ತು ಸಲ ಎಂದರೂ ತಿಂಗಳಿಗೆ ಮುನ್ನೂರು.

ಕಲ್ಲಿನ ಕೊಡಲಿ ಕಲಿಸಿದ ಪಾಠ

ಯಾವುದು ಯಾವುದನ್ನು ಸವೆಸುತ್ತದೆ? ಗಟ್ಟಿಯಾದದ್ದು ಮೆತ್ತಗಿನದನ್ನು ಗೀರುತ್ತದೆ. ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿಯನ್ನು ಫ್ರೆಡ್‌ರಿಕ್ ಮೋಸ್ ಎಂಬ ವಿಜ್ಞಾನಿ 1812ರಲ್ಲಿ ತಂದ. ಅದರಲ್ಲಿ ನಮ್ಮ ಉಗುರಿಗೆ ಸುಮಾರು ಎರಡೂವರೆ, ಗಾಜಿಗೂ ಸಾಮಾನ್ಯ ಚಾಕುವಿಗೂ ಸುಮಾರು ಐದೂವರೆ, ಬೆಣಚುಕಲ್ಲಿಗೆ 7, ವಜ್ರಕ್ಕೆ 10.

ಬಳ್ಳಾರಿ ಜಿಲ್ಲೆಯವರಿಗೆ ಇದು ಹೊಸ ವಿದ್ಯೆಯಲ್ಲ. ಬಳ್ಳಾರಿ ನಗರದ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಕಲ್ಲಿನ ಕೊಡಲಿಗಳನ್ನು ಬಹು ಸಂಖ್ಯೆಯಲ್ಲಿ ತಯಾರಿಸುತ್ತಿದ್ದರು. ಅವರು ಆರಿಸಿಕೊಂಡದ್ದು ಡೊಲರೈಟ್ ಎಂಬ ಕಪ್ಪು ಕಲ್ಲು. ಅದನ್ನು ಒಡೆದು ಆಕಾರ ಕೊಟ್ಟು, ಬಳಿಕ ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಉಜ್ಜಿ ಅಲಗು ತರುತ್ತಿದ್ದರು. ಉಜ್ಜಿದ ಗುರುತುಗಳು ಅಲ್ಲಿನ ಬಂಡೆಗಳ ಮೇಲೆ ತಗ್ಗುಗಳಾಗಿ ಉಳಿದಿವೆ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳಿವೆ. ಅವು ಡೊಲರೈಟನ್ನು ಸವೆಸಬಲ್ಲವು.

ಉಕ್ಕಿನ ಚಾಕುವನ್ನೂ ಅವು ಸವೆಸಬಲ್ಲವು. ಸರಿಯಾದ ಕೋನದಲ್ಲಿ ಹಿಡಿದು ಉಜ್ಜಿದರೆ ಆ ಸವೆತಕ್ಕೆ ಸಾಣೆ ಎನ್ನುತ್ತೇವೆ. ಗ್ರಾನೈಟ್ ಕಟ್ಟೆಯ ಮೇಲೆ ಅಲಗು ಕೆಳಗಾಗಿ ಚಾಕು ಎಸೆದರೆ ಅದೇ ಸವೆತ ಹರಿತವನ್ನು ಕೆಡಿಸುತ್ತದೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಒಲೆಕಟ್ಟೆಗೆ ಕಡಪ ಕಲ್ಲು ಹಾಕಿರುತ್ತಾರೆ. ಅದು ಸುಣ್ಣದ ಕಲ್ಲಿನ ಜಾತಿ, ಗ್ರಾನೈಟಿನಷ್ಟು ಗಡುಸಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರಬೇಡಿ. ತೆಳುವಾದ ಅಲಗನ್ನು ಬಗ್ಗಿಸಲು ಅಷ್ಟು ಗಟ್ಟಿತನವೂ ಬೇಕಿಲ್ಲ.

ಕೇವಲ ಕೂದಲೂ ಸಾಕು ಎಂದರೆ ನಂಬುತ್ತೀರಾ? ಗಡ್ಡ ಬೋಳಿಸುವ ಬ್ಲೇಡಿನ ಉಕ್ಕಿಗೆ ಹೋಲಿಸಿದರೆ ಕೂದಲು ಸುಮಾರು ಐವತ್ತು ಪಟ್ಟು ಮೆತ್ತಗೆ. ಆದರೂ ಬ್ಲೇಡು ಮೊಂಡಾಗುತ್ತದಲ್ಲ, ಏಕೆ? ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2020ರಲ್ಲಿ ಉತ್ತರ ಪ್ರಕಟಿಸಿದರು. ಅಲಗು ಬರೀ ಸವೆಯುತ್ತಿರಲಿಲ್ಲ, ಅಲ್ಲಲ್ಲಿ ಚೂರು ಚೂರಾಗಿ ಮುಕ್ಕಾಗುತ್ತಿತ್ತು. ಕೂದಲು ಬಗ್ಗಿ ಓರೆಯಾಗಿ ತಾಗಿದಾಗ, ಅದೂ ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ತಾಗಿದಾಗ ಹೀಗಾಗುತ್ತಿತ್ತು. ಅಲಗಿಗೆ ನೇರವಾಗಿ ಬೀಳುವ ಬಲಕ್ಕಿಂತ ಪಕ್ಕದಿಂದ ಬೀಳುವ ಬಲ ಹೆಚ್ಚು ಕೆಡುಕು. ಡಬ್ಬಿಯಲ್ಲಿ, ಡ್ರಾಯರಿನಲ್ಲಿ ಬೀಳುವ ಪೆಟ್ಟುಗಳಲ್ಲಿ ಹೆಚ್ಚಿನವು ಪಕ್ಕದಿಂದಲೇ ಬೀಳುತ್ತವೆ.

ನೀರು, ಹುಳಿ, ಉಪ್ಪು

ಎರಡನೆಯ ಶತ್ರು ಸದ್ದು ಮಾಡುವುದಿಲ್ಲ. ಕಬ್ಬಿಣ, ನೀರು, ಗಾಳಿಯಲ್ಲಿನ ಆಮ್ಲಜನಕ ಈ ಮೂರೂ ಸೇರಿದರೆ ತುಕ್ಕು. ಚಾಕುವಿನ ಅಗಲವಾದ ಮೈಮೇಲೆ ಒಂದು ಮೈಕ್ರೋಮೀಟರ್ ಆಳದ ತುಕ್ಕು ಏನೇನೂ ಅಲ್ಲ, ಬೂದಿ ಹಾಕಿ ತಿಕ್ಕಿದರೆ ಹೋಗುತ್ತದೆ. ಆದರೆ ಅಲಗಿನ ತುದಿಯ ಒಟ್ಟು ದಪ್ಪವೇ ಒಂದು ಮೈಕ್ರೋಮೀಟರ್! ಅಲ್ಲಿ ಅಷ್ಟು ತುಕ್ಕು ಹಿಡಿದರೆ ತುದಿ ಇಡಿಯಾಗಿ ಹೋದಂತೆ. ಕಣ್ಣಿಗೆ ಕೆಂಪು ಬಣ್ಣ ಕಾಣುವ ಮೊದಲೇ ಹರಿತ ಹೋಗಿರುತ್ತದೆ.

ಹುಣಸೆಹಣ್ಣು, ನಿಂಬೆ, ಮಾವಿನಕಾಯಿ, ಟೊಮೆಟೊಗಳ ಆಮ್ಲವೂ ಕಬ್ಬಿಣವನ್ನು ತಿನ್ನುತ್ತದೆ. ಉಪ್ಪುನೀರಿನಲ್ಲಿ ತುಕ್ಕು ಇನ್ನೂ ಬೇಗ. ಕಬ್ಬಿಣದ ಈಳಿಗೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಹೋಳುಗಳು, ಅಲಗು ಎರಡೂ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಬಾಳೆಕಾಯಿಯ ಒಗರು ಮತ್ತು ಕಬ್ಬಿಣ ಸೇರಿ ಆಗುವ ಕಪ್ಪು ಅದು. ಹಿಂದೆ ಬರೆಯುವ ಮಸಿಯನ್ನೂ ಇದೇ ರಾಸಾಯನಿಕ ಕ್ರಿಯೆಯಿಂದ ಮಾಡುತ್ತಿದ್ದರು.

"ನಮ್ಮದು ಸ್ಟೀಲ್ ಚಾಕು, ತುಕ್ಕು ಹಿಡಿಯುವುದಿಲ್ಲ" ಎನ್ನುವಿರಾ? ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ 1913ರಲ್ಲಿ ಬಂದೂಕಿನ ನಳಿಗೆಗೆ ತಕ್ಕ ಉಕ್ಕನ್ನು ಹುಡುಕುತ್ತಾ ಸುಮಾರು ಶೇ. 12.8 ಕ್ರೋಮಿಯಂ ಬೆರೆತ ಉಕ್ಕು ತಯಾರಿಸಿದ. ಅದು ಹುಳಿಗೂ ಜಗ್ಗಲಿಲ್ಲ. ಆ ಊರು ಮೊದಲೇ ಚಾಕು ಚೂರಿಗಳಿಗೆ ಹೆಸರಾದದ್ದು, ಬೇಗನೆ ಅದು ಅಡುಗೆಮನೆಗೆ ಬಂತು. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಆ ಪೊರೆಯೇ ಕಾವಲು. ಆದರೆ ಉಪ್ಪು ಹೆಚ್ಚು ಹೊತ್ತು ಅಂಟಿಕೊಂಡರೆ ಪೊರೆಯಲ್ಲೂ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಉಪ್ಪಿನಕಾಯಿ ಹೋಳು ಮಾಡಿದ ಚಾಕುವನ್ನು ರಾತ್ರಿಯಿಡೀ ಹಾಗೇ ಬಿಟ್ಟು ನೋಡಿದವರಿಗೆ ಇದು ಗೊತ್ತು.

ನಮ್ಮ ಬಯಲುಸೀಮೆಗೆ ಒಂದು ಅನುಕೂಲವಿದೆ. ಗಾಳಿಯ ತೇವಾಂಶ ಶೇ. 60ರಷ್ಟನ್ನು ದಾಟಿದರೆ ತುಕ್ಕು ಚುರುಕಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿ ಅದಕ್ಕಿಂತ ಬಹಳ ಒಣಗಿರುತ್ತದೆ. ಕರಾವಳಿ, ಮಲೆನಾಡಿನವರಿಗೆ ಈ ಭಾಗ್ಯವಿಲ್ಲ. ಆದರೆ ಚಾಕುವನ್ನು ನಾವೇ ನೀರಿನಲ್ಲಿ ನೆನೆಹಾಕಿದರೆ ಹೊರಗೆ ಎಷ್ಟು ಬಿಸಿಲಿದ್ದರೇನು?

ಈಳಿಗೆ, ಕುಡುಗೋಲು, ಕ್ಷೌರದ ಕತ್ತಿ

ಚಾಕು ನಮ್ಮ ಅಡುಗೆಮನೆಗಳಿಗೆ ತಡವಾಗಿ ಬಂದ ಅತಿಥಿ. ಅದಕ್ಕೆ ಮುಂಚೆ ಇದ್ದದ್ದು ಈಳಿಗೆ. ಮಡಚುವ ಈಳಿಗೆಯನ್ನು ಗಮನಿಸಿ. ಕೆಲಸ ಮುಗಿದೊಡನೆ ಅಲಗನ್ನು ಮಣೆಯ ಮೇಲೆ ಮಲಗಿಸುತ್ತಾರೆ. ಮಣೆ ಮರದ್ದು, ಮೆತ್ತಗಿನದು. ಅಲಗಿನ ಮೇಲೆ ಬೇರೆ ಪಾತ್ರೆ ಬೀಳುವಂತಿಲ್ಲ, ಓಡಾಡುವ ಮಕ್ಕಳ ಕಾಲಿಗೂ ತಾಗುವುದಿಲ್ಲ. "ಈಳಿಗೆ ನಿಲ್ಲಿಸಿ ಎದ್ದು ಹೋಗಬೇಡ" ಎಂದು ಅಜ್ಜಿ ಗದರಿಸುವುದು ಇದಕ್ಕೇ.

ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಕಡೆಯ ಊರುಗಳಲ್ಲಿ ಬೆಳೆದವರಿಗೆ ಕುಡುಗೋಲು ಚೆನ್ನಾಗಿ ಗೊತ್ತು. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸೀಮೆ ಇದು. ಭತ್ತದ ಗಿಡ ಮಣ್ಣಿನಿಂದ ಸಿಲಿಕವನ್ನು ಹೀರಿ ತನ್ನ ಎಲೆ, ದಂಟು, ಹೊಟ್ಟುಗಳಲ್ಲಿ ತುಂಬಿಕೊಳ್ಳುತ್ತದೆ. ಹೊಟ್ಟಿನ ತೂಕದಲ್ಲಿ ಸುಮಾರು ಶೇ. 15ರಿಂದ 20ರಷ್ಟು ಸಿಲಿಕವೇ. ಬೆಣಚುಕಲ್ಲು, ಮರಳು ಎಂದರೂ ಸಿಲಿಕವೇ ತಾನೆ? ಆದ್ದರಿಂದ ಭತ್ತ ಕೊಯ್ಯುವ ಕುಡುಗೋಲು ಬೇಗ ಮೊಂಡಾಗುತ್ತದೆ. ಅದನ್ನು ತಪ್ಪಿಸಲಾಗದು. ಆದರೆ ಕೊಯ್ಲಿನಿಂದ ಬಂದವರು ಕುಡುಗೋಲನ್ನು ಮೂಲೆಯ ಗುದ್ದಲಿ, ಸಲಿಕೆಗಳ ನಡುವೆ ಎಸೆಯುತ್ತಿರಲಿಲ್ಲ. ಒರೆಸಿ ಜಂತಿಗೋ ಸೂರಿಗೋ ಸಿಕ್ಕಿಸುತ್ತಿದ್ದರು. ಅಲ್ಲಿ ಅಲಗಿಗೆ ಗಾಳಿ ಬಿಟ್ಟರೆ ಬೇರೇನೂ ತಾಗುವುದಿಲ್ಲ, ಒಲೆಯ ಬಿಸಿಗೆ ಸೂರು ಒಣಗಿಯೂ ಇರುತ್ತದೆ, ಮಕ್ಕಳ ಕೈಗೂ ಎಟುಕದು. ಈಗ ಕಟಾವು ಯಂತ್ರಗಳು ಬಂದಿವೆ, ಮನೆಗಳಿಗೆ ಜಂತಿಯ ಬದಲು ಆರ್‌ಸಿಸಿ ಬಂದಿದೆ. ಬದುವಿನ ಹುಲ್ಲಿಗೆ ಕುಡುಗೋಲು ಇನ್ನೂ ಬೇಕು, ಅದನ್ನು ಸಿಕ್ಕಿಸಲು ಜಾಗ ಮಾತ್ರ ಇಲ್ಲವಾಗಿದೆ.

ಇನ್ನು ಕ್ಷೌರದ ಕತ್ತಿ. ಅದರ ಅಲಗು ತನ್ನ ಹಿಡಿಯೊಳಗೇ ಮಡಚಿಕೊಳ್ಳುತ್ತದೆ. ಚರ್ಮದ ಪಟ್ಟಿಗೆ ಅದನ್ನು ಸರಕ್ ಸರಕ್ ಎಂದು ತೀಡುವುದು ಮುಖ್ಯವಾಗಿ ಉಕ್ಕನ್ನು ಸವೆಸಲು ಅಲ್ಲ, ಬಗ್ಗಿದ ತುದಿಯನ್ನು ನೆಟ್ಟಗೆ ಮಾಡಲು. ಸಾಣೆಕಲ್ಲು ಉಕ್ಕನ್ನು ತಿನ್ನುತ್ತದೆ, ಚರ್ಮ ಬಹುಮಟ್ಟಿಗೆ ನೇರ ಮಾಡುತ್ತದೆ. ಅಜ್ಜಿಯ ಕಾಲದ ಈಳಿಗೆ ಮನೆಯಲ್ಲಿದ್ದರೆ ನೋಡಿ, ಅಲಗಿನ ನಡುಭಾಗ ಸವೆದು ಒಳಕ್ಕೆ ಬಾಗಿರುತ್ತದೆ. ಅಷ್ಟು ಉಕ್ಕೂ ಸಾಣೆಕಲ್ಲಿಗೆ ಮತ್ತು ಹುಳಿಗೆ ಹೋದದ್ದು. ಮೇಲಿಂದ ಮೇಲೆ ಸಾಣೆ ಹಿಡಿಸಿದರೆ ಚಾಕುವಿನ ಆಯಸ್ಸೇ ಕಡಿಮೆಯಾಗುತ್ತದೆ.

ಶಾಲೆಯ ಅಡುಗೆಕೋಣೆಯಲ್ಲಿ

ಮೊಂಡು ಚಾಕು ಬರೀ ಬೇಸರದ ವಿಷಯವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮಧ್ಯಾಹ್ನದ ಬಿಸಿಯೂಟದ ಲೆಕ್ಕದಂತೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, 6ರಿಂದ 8ನೇ ತರಗತಿಯ ಮಗುವಿಗೆ 75 ಗ್ರಾಂ ತರಕಾರಿ. ಚಿಕ್ಕ ತರಗತಿಗಳಲ್ಲಿ 120, ದೊಡ್ಡ ತರಗತಿಗಳಲ್ಲಿ 80 ಮಕ್ಕಳಿರುವ ಶಾಲೆಯಲ್ಲಿ ಎಷ್ಟಾಯಿತು? ಆರು ಕಿಲೋ, ಮತ್ತೆ ಆರು ಕಿಲೋ. ಬೆಳಗಿನ ಹೊತ್ತಿನಲ್ಲಿ ಹನ್ನೆರಡು ಕಿಲೋ ತರಕಾರಿಯನ್ನು ನಿಮ್ಮ ಅಡುಗೆಯ ಅಕ್ಕಂದಿರು ಹೆಚ್ಚಿ ಮುಗಿಸಬೇಕು. ನಿಮ್ಮ ಶಾಲೆಯ ಲೆಕ್ಕವನ್ನು ನೀವೇ ಮಾಡಿ.

ಹರಿತ ಚಾಕು ಟೊಮೆಟೊ ಸಿಪ್ಪೆಯನ್ನು ಮುಟ್ಟಿದಲ್ಲೇ ಹಿಡಿಯುತ್ತದೆ. ಮೊಂಡು ಚಾಕು ಜಾರುತ್ತದೆ. ಜಾರುವಾಗ ಅದರ ಹಿಂದೆ ಕೈಯ ಪೂರ್ತಿ ಬಲ ಇರುತ್ತದೆ, ಎದುರಿಗೆ ತರಕಾರಿ ಹಿಡಿದ ಇನ್ನೊಂದು ಕೈ ಇರುತ್ತದೆ. ಹರಿತವಾದದ್ದು ಅಪಾಯ, ಮೊಂಡಾದದ್ದು ಸುರಕ್ಷಿತ ಎಂದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ನಂಬುತ್ತಾರೆ. ತರಕಾರಿ ಹೆಚ್ಚುವವರ ಮಟ್ಟಿಗೆ ಇದು ತಲೆಕೆಳಗಾದ ನಂಬಿಕೆ. ಇನ್ನೊಂದು ಅಪಾಯ ಸೋಪಿನ ನೊರೆ ತುಂಬಿದ ಬುಟ್ಟಿಯಲ್ಲಿ ಮುಳುಗಿರುವ ಚಾಕು. ಪಾತ್ರೆ ಎಂದು ಕೈ ಹಾಕಿದವರಿಗೆ ಅದು ಕಾಣುವುದೇ ಇಲ್ಲ. ಚಾಕುವನ್ನು ಬುಟ್ಟಿಗೆ ಹಾಕಲೇಬಾರದು. ಹೆಚ್ಚಿ ಮುಗಿದ ಕೂಡಲೇ ಬೇರೆಯಾಗಿ ತೊಳೆದು, ಒಣಬಟ್ಟೆಯಿಂದ ಬೆನ್ನಿನ ಕಡೆಯಿಂದ ಅಲಗಿನ ಕಡೆಗೆ ಒರೆಸಿ, ಅದರ ಜಾಗಕ್ಕೆ ಸೇರಿಸಬೇಕು. ಈ ಕೆಲಸ ದೊಡ್ಡವರದು.

ಜಾಗ ಹೇಗಿರಬೇಕು? ಪೇಟೆಯಲ್ಲಿ ಸೀಳು ಮಾಡಿದ ಮರದ ದಿಮ್ಮಿಗಳು, ಗೋಡೆಗೆ ಹಾಕುವ ಆಯಸ್ಕಾಂತದ ಪಟ್ಟಿಗಳು ಸಿಗುತ್ತವೆ. ಆಯಸ್ಕಾಂತದ ಪಟ್ಟಿಗೆ ಚಾಕು ಅಂಟಿಸುವಾಗ ಮೊದಲು ಬೆನ್ನು ತಾಗಿಸಿ ನಿಧಾನವಾಗಿ ಮಲಗಿಸಬೇಕು, ತೆಗೆಯುವಾಗ ಅಲಗನ್ನು ಮೊದಲು ಎತ್ತಬೇಕು. ಇಲ್ಲದಿದ್ದರೆ ಆಯಸ್ಕಾಂತ ಚಾಕುವನ್ನು ಟಪ್ಪೆಂದು ಎಳೆದುಕೊಂಡು ಅಲಗಿಗೆ ಪೆಟ್ಟು ಕೊಡುತ್ತದೆ. ಮರದ ದಿಮ್ಮಿಯಲ್ಲಾದರೆ ಚಾಕುವಿನ ಬೆನ್ನನ್ನು ಸೀಳಿಗೆ ಒತ್ತಿ ಇಳಿಸಬೇಕು.

ಇದಾವುದೂ ಇಲ್ಲದೆಯೂ ಆಗುತ್ತದೆ. ನೋಟ್‌ಬುಕ್ಕಿನ ಹಳೆಯ ರಟ್ಟು ಸಾಕು. ಚಾಕುವಿನ ಅಗಲದ ಎರಡರಷ್ಟಕ್ಕಿಂತ ಎರಡು ಸೆಂ.ಮೀ. ಹೆಚ್ಚು ಅಗಲದ ತುಂಡು ಕತ್ತರಿಸಿ, ಉದ್ದಕ್ಕೆ ಮಡಚಿ. ತೆರೆದ ಅಂಚಿಗೂ ಒಂದು ತುದಿಗೂ ಅಂಟುಪಟ್ಟಿ ಸುತ್ತಿ. ಒರೆ ತಯಾರು! ಒರೆಯನ್ನು ನೀವು ಮಾಡಿ, ಚಾಕುವನ್ನು ದೊಡ್ಡವರು ಹಾಕಲಿ. ಬೆನ್ನು ಮಡಿಕೆಯ ಕಡೆಗಿರಲಿ ಅಥವಾ ಅಲಗು ಇರಲಿ ಎಂಬ ಪ್ರಶ್ನೆ ಬರಬಹುದು. ಅಲಗು ಮಡಿಕೆಯ ಕಡೆಗೆ ಇದ್ದರೆ ರಟ್ಟು ಸೀಳಿ ಹೊರಬರುವ ಸಂಭವವಿದೆ, ಆದ್ದರಿಂದ ಅಂಟುಪಟ್ಟಿಯನ್ನು ಎರಡು ಮೂರು ಸುತ್ತು ಹಾಕಿದ ಕಡೆಗೇ ಅಲಗು ಇರಲಿ. ಒದ್ದೆ ಚಾಕುವನ್ನು ಮಾತ್ರ ಒರೆಗೆ ಹಾಕಬಾರದು. ರಟ್ಟು ನೀರು ಹಿಡಿದಿಟ್ಟುಕೊಂಡು ತುಕ್ಕಿಗೆ ಮನೆ ಮಾಡಿಕೊಡುತ್ತದೆ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಟ್ಟ ಚಾಕು ತುಕ್ಕು ಹಿಡಿಯುವುದೂ ತೇವದಿಂದಲೇ, ಚರ್ಮ ಹದ ಮಾಡಿದ ಲವಣಗಳೂ ಅದಕ್ಕೆ ಸೇರುತ್ತವೆ.

ಬೇಸಿಗೆ ರಜೆಯಲ್ಲಿ ಶಾಲೆಯ ಈಳಿಗೆ, ಚಾಕುಗಳು ಕೆಲಸವಿಲ್ಲದೆ ಇರುವುದಾದರೆ ಎಣ್ಣೆ ಸವರಿ ಇಡಬೇಕು. ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಳ್ಳೆಯವು. ಕುಸುಬೆ, ಅಗಸೆ ಎಣ್ಣೆ ಬೇಡ, ಅವು ಗಾಳಿಗೆ ಒಣಗಿ ಅಂಟಂಟಾಗಿ ಗಟ್ಟಿಯಾಗುತ್ತವೆ.

ಮಾಡಿ ನೋಡಿ

ಚಾಕು ಮುಟ್ಟದೆಯೇ ಇದನ್ನು ಪರೀಕ್ಷಿಸಬಹುದು. ಎರಡು ಪೆನ್ಸಿಲ್‌ಗಳನ್ನು ಒಂದೇ ಸಮನಾಗಿ ಚೂಪು ಮಾಡಿ. ಒಂದರ ಮೊನೆಗೆ ಕಾಗದದ ಟೋಪಿ ಸುತ್ತಿ. ಎರಡನ್ನೂ ಕಂಪಾಸ್ ಪೆಟ್ಟಿಗೆಯಲ್ಲಿ ಕೈವಾರ, ರಬ್ಬರು, ನಾಲ್ಕು ನಾಣ್ಯಗಳ ಜೊತೆ ಹಾಕಿ ನೂರು ಎಣಿಸುವವರೆಗೆ ಅಲುಗಾಡಿಸಿ. ಈಗ ಎರಡರಿಂದಲೂ ಗೆರೆ ಎಳೆದು ಭೂತಗನ್ನಡಿಯಲ್ಲಿ ನೋಡಿ. ಎರಡು ಪೆನ್ಸಿಲ್‌ಗಳಲ್ಲಿ ಯಾವುದರಿಂದಲೂ ನೀವು ಒಂದಕ್ಷರ ಬರೆದಿಲ್ಲ, ನೆನಪಿರಲಿ.

ಇನ್ನೊಂದು ಪ್ರಯೋಗ. ಒಂದು ಆಯಸ್ಕಾಂತವನ್ನು ಮನೆಯ ಸ್ಟೀಲ್ ತಟ್ಟೆ, ಲೋಟಗಳಿಗೆ ಹಿಡಿಯಿರಿ. ಬಳಿಕ ದೊಡ್ಡವರಿಂದ ಚಾಕುವಿನ ಬದಿಗೆ ಹಿಡಿಸಿ. ಅನೇಕ ತಟ್ಟೆಗಳಿಗೆ ಅದು ಅಂಟುವುದಿಲ್ಲ, ಚಾಕುವಿಗೆ ಸಾಮಾನ್ಯವಾಗಿ ಅಂಟುತ್ತದೆ. ಎರಡೂ ತುಕ್ಕು ಹಿಡಿಯದ ಉಕ್ಕೇ, ಆದರೆ ಒಳಗಿನ ಕೂಡಿಕೆ ಬೇರೆ. ತಟ್ಟೆಗೆ ಹೆಚ್ಚಿನ ಗಡಸುತನ ಬೇಕಿಲ್ಲ. ಚಾಕುವಿಗೆ ಬೇಕು, ಅದಕ್ಕೆಂದು ಇಂಗಾಲ ಹೆಚ್ಚಿಸಿ, ಕಾಯಿಸಿ ತಣಿಸಿ ಗಡುಸು ಮಾಡಿರುತ್ತಾರೆ. ಆ ಗಡಸಿಗೆ ತೆತ್ತ ಬೆಲೆಯಾಗಿ ಚಾಕು ತಟ್ಟೆಗಿಂತ ಸುಲಭವಾಗಿ ತುಕ್ಕು ಹಿಡಿಯುತ್ತದೆ.

ಮೂರನೆಯದಕ್ಕೆ ಒಂದು ವರ್ಷ ಬೇಕು. ಶಾಲೆಯ ಚಾಕುವನ್ನು ಬಿಳಿ ಹಾಳೆಯ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದು ಕೊಡಲು ಅಡುಗೆಯ ಅಕ್ಕನನ್ನು ಕೇಳಿ. ಹಾಳೆಯ ಮೇಲೆ ದಿನಾಂಕ ಬರೆಯಿರಿ. ಆ ಚಾಕುವಿಗೆ ಒರೆ ಮಾಡಿಕೊಡಿ, ಇನ್ನೊಂದು ಚಾಕುವಿನ ಚಿತ್ರವನ್ನೂ ತೆಗೆದು ಅದನ್ನು ಎಂದಿನಂತೆ ಡಬ್ಬಿಯಲ್ಲೇ ಬಿಡಿ. ಯಾವುದಕ್ಕೆ ಎಷ್ಟು ಸಲ ಸಾಣೆ ಹಿಡಿಸಬೇಕಾಯಿತು ಎಂದು ಹಾಳೆಯ ಮೂಲೆಯಲ್ಲಿ ಗುರುತು ಹಾಕುತ್ತಾ ಬನ್ನಿ. ಮುಂದಿನ ವರ್ಷ ಅದೇ ದಿನ ಎರಡೂ ಚಾಕುಗಳನ್ನು ಹಳೆಯ ಗೆರೆಗಳ ಮೇಲೆ ಇಡಿಸಿ, ಅಲಗಿಗೂ ಗೆರೆಗೂ ನಡುವೆ ಎಷ್ಟು ಬಿಳಿ ಕಾಣುತ್ತದೆ ಎಂದು ಅಳೆಯಿರಿ.